ಕಿಲೋಮೀಟರ್ ಬಿಡಿ, ಎಷ್ಟು ಹೊತ್ತು ಹೇಳಿ

"ಇದ್ರಲ್ಲಿ ಎಷ್ಟು ಕಿಲೋಮೀಟರ್ ಅಂತ ಬರ್ದೇ ಇಲ್ವಲ್ಲಪ್ಪ" ಅಂದ್ರು ಭಾವ, ಹಳದಿ ಬೋರ್ಡ್ ಮುಂದೆ ನಿಂತ್ಕೊಂಡು. ನಾನು ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಬಂದು ಒಂಬತ್ತು ವರ್ಷ ಆಯ್ತು, ಎಷ್ಟೋ ಬೆಟ್ಟ ಹತ್ತಿದೀನಿ, ಆದ್ರೂ ಅವರು ಹೇಳೋ ತನಕ ನನಗದು ಹೊಳೆದೇ ಇರ್ಲಿಲ್ಲ. ಇಲ್ಲಿ ಬೆಟ್ಟದ ದಾರಿ ಬೋರ್ಡಲ್ಲಿ ದೂರ ಹಾಕಲ್ಲ, ಹೊತ್ತು ಹಾಕ್ತಾರೆ. ಇಂಥ ಜಾಗಕ್ಕೆ ಇಷ್ಟು ಗಂಟೆ ಇಷ್ಟು ನಿಮಿಷ, ಅಷ್ಟೇ.

ಕಳೆದ ಜುಲೈಲಿ ಅಮ್ಮ, ಅಕ್ಕ, ಭಾವ ಮೂರೂ ಜನ ಮೈಸೂರಿಂದ ಬಂದಿದ್ರು. ಭಾವಂಗೆ ಹಸು ಮೇಯೋ ಎತ್ತರದ ಹುಲ್ಲುಗಾವಲು ನೋಡ್ಬೇಕು ಅಂತ ಆಸೆ, ಅಮ್ಮಂಗೆ ಮಂಡಿನೋವು. ಆಲ್ಪ್ಸ್ ಅಂದ್ರೆ ನಮಗೆಲ್ಲ ಹಿಮದ ಬೆಟ್ಟ, ಆದ್ರೆ ಇಲ್ಲಿನ ಹಳ್ಳಿಯವರ ಬಾಯಲ್ಲಿ ಆಲ್ಪ್ ಅಂದ್ರೆ ಬೇಸಿಗೆಲಿ ದನ ಹೊಡ್ಕೊಂಡು ಹೋಗೋ ಜಾಗ, ನಮ್ಮ ಗೋಮಾಳ ಇದ್ದ ಹಾಗೆ. ಹಾಗಾಗಿ ಕಾಂಡರ್‌ಸ್ಟೆಗ್ ಆರಿಸ್ಕೊಂಡೆ, ಬರ್ನಿಂದ ಟ್ರೇನಲ್ಲಿ ಒಂದು ಗಂಟೆ ಚಿಲ್ಲರೆ, ಆಮೇಲೆ ಕೇಬಲ್ ಕಾರ್. ಅದು ಇಳಿಸೋ ಜಾಗದಿಂದ ಎರಡು ದಾರಿ. ಒಂದು ನೆಟ್ಟಗೆ ಓಶಿನೆನ್ ಸರೋವರಕ್ಕೆ ಇಳಿಯತ್ತೆ, ಅರ್ಧ ಗಂಟೆ, ಅಮ್ಮ ಅಕ್ಕ ಆರಾಮಾಗಿ ಹೋಗ್ಬಹುದು. ಇನ್ನೊಂದು ಹೊಯ್‌ಬರ್ಗ್ ಅನ್ನೋ ಹುಲ್ಲುಬೆಟ್ಟದ ಮೇಲಿಂದ ಓಬರ್‌ಬೆರ್ಗ್ಲಿ ಅನ್ನೋ ದನದ ದೊಡ್ಡಿವರೆಗೆ ಹೋಗಿ ಅದೇ ಸರೋವರಕ್ಕೆ ಇಳಿಯತ್ತೆ. ಓಬರ್‌ಬೆರ್ಗ್ಲಿ 1978 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಜಾಸ್ತಿ. ಬೋರ್ಡ್ ಲೆಕ್ಕದಲ್ಲಿ ಎರಡೂವರೆ ಗಂಟೆ ಚಿಲ್ಲರೆ, ನಾವು ನಿಂತು ಕೂತು ಫೋಟೋ ತೆಗೆಯೋಕೆ ಮುಕ್ಕಾಲು ಗಂಟೆ ಸೇರಿಸ್ಕೊಂಡೆ, ಒಂಬತ್ತೂವರೆಗೆ ಹೊರಟ್ರೆ ಒಂದು ಗಂಟೆಗೆ ನೀರಿನ ಹತ್ರ ಸಿಗ್ತೀವಿ, ಪುಳಿಯೋಗರೆ ಡಬ್ಬ ನಿಮ್ಮ ಹತ್ರಾನೇ ಇರ್ಲಿ ಅಂತ ಅಮ್ಮಂಗೆ ಹೇಳಿದೆ. ಒಂದು ಹತ್ತಕ್ಕೆ ಸಿಕ್ಕಿದ್ವಿ.

ಹತ್ತೇ ನಿಮಿಷ ತಡ! ಅಮ್ಮ ಒಂದು ಸಲಾನೂ ಫೋನ್ ಮಾಡ್ಲಿಲ್ಲ, ಗಾಬರಿ ಆಗ್ಲಿಲ್ಲ. ನನಗೆ ಆ ಹೊತ್ತಲ್ಲಿ ಎಷ್ಟು ಖುಷಿ ಆಯ್ತೋ ಅಷ್ಟೇ ಸಿಟ್ಟೂ ಬಂತು, ಊರಿನ ಮೇಲೆ.

ಯಾಕಂದ್ರೆ ಇದೇನು ದೊಡ್ಡ ವಿದ್ಯೆ ಅಲ್ಲ. ಸಮತಟ್ಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡಿತಾರೆ ಅಂತ ಇಟ್ಕೊಂಡು, ಏರು ಎಷ್ಟು ಇಳಿಜಾರು ಎಷ್ಟು ಅಂತ ನೋಡಿ ಹೊತ್ತು ಕಟ್ತಾರೆ, ಕೂತು ಸುಧಾರಿಸ್ಕೊಳೋ ಹೊತ್ತು ಅದ್ರಲ್ಲಿ ಸೇರಲ್ಲ. ಬರೀ ಹಳದಿ ಗುರುತಿದ್ರೆ ಯಾರು ಬೇಕಾದ್ರೂ ನಡಿಬಹುದು, ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ರೆ ಗಟ್ಟಿ ಶೂ ಬೇಕು, ತಲೆ ತಿರುಗೋರು ಬೇಡ, ಬಿಳಿ-ನೀಲಿ-ಬಿಳಿ ಇದ್ರೆ ನಮ್ಮಂಥೋರು ಆ ಕಡೆ ತಿರುಗೋದೇ ಬೇಡ. ಹೊಯ್‌ಬರ್ಗ್ ದಾರಿ ಕೆಂಪು ಪಟ್ಟೆದು, ಕೆಲವು ಕಡೆ ಪಕ್ಕದಲ್ಲೇ ಪ್ರಪಾತ, ಅಮ್ಮನ್ನ ಆ ಕಡೆ ಕರ್ಕೊಂಡು ಹೋಗ್ಬಾರದು ಅಂತ ಮನೇಲಿ ಕೂತೇ ಗೊತ್ತಾಯ್ತು. ಹೀಗೆ ಗುರುತು ಹಾಕಿದ ದಾರಿ ಎಲ್ಲಾ ಬಣ್ಣದ್ದೂ ಸೇರಿ ಈ ದೇಶದಲ್ಲಿ ಸುಮಾರು 65,000 ಕಿಲೋಮೀಟರ್ ಇದೆ, 1979ರಲ್ಲಿ ಜನಾನೇ ಓಟ್ ಹಾಕಿ ಕಾಲುದಾರಿ ವಿಷಯಾನ ಸಂವಿಧಾನಕ್ಕೆ ಸೇರಿಸಿದ್ರು. ನಡೆಯೋ ದಾರಿಗೆ ಸಂವಿಧಾನದಲ್ಲಿ ಜಾಗ!

ಊರಲ್ಲಿ? ಚಿಕ್ಕಮಗಳೂರು ಕಡೆ ಒಂದು ಬೆಟ್ಟಕ್ಕೆ ಹೋಗಿದ್ವಿ, ನಾನು ಇಲ್ಲಿಗೆ ಬರೋಕೆ ಮುಂಚೆ. ನಾವು ಉಳ್ಕೊಂಡಿದ್ದ ಹೋಂಸ್ಟೇನಲ್ಲಿ "ಎರಡೇ ಕಿಲೋಮೀಟರ್ ಸಾರ್, ಸಂಜೆ ಕಾಫಿಗೆ ವಾಪಸ್ ಬರ್ತೀರ" ಅಂದ್ರು. ದಾರಿಲಿ ಸಿಕ್ಕ ಹುಡುಗ "ಇಲ್ಲೇ ಹತ್ರ" ಅಂದ. ಅರ್ಧ ಗಂಟೆ ಆದ್ಮೇಲೆ ಸಿಕ್ಕೋರೂ "ಇಲ್ಲೇ ಹತ್ರ" ಅಂದ್ರು. ಎರಡು ಕಿಲೋಮೀಟರ್ ನಿಜಾನೇ ಇರ್ಬಹುದು, ಆದ್ರೆ ಅದು ನೆಟ್ಟಗೆ ಮೇಲಕ್ಕೆ, ಇಂಬಳ ಕಿತ್ತು ಬಿಸಾಕ್ತಾ, ಇಳಿಯೋ ಹೊತ್ತಿಗೆ ಕತ್ತಲಾಗಿ ಮೊಬೈಲ್ ಬೆಳಕಲ್ಲಿ ಅಕ್ಕ ಅಳ್ತಾ ಇಳಿದಳು. ಆ ದಿನ ಯಾರೂ ಸುಳ್ಳು ಹೇಳ್ಲಿಲ್ಲ. ನಮಗೆ ಬೇಕಾಗಿದ್ದು ದೂರ ಅಲ್ಲ, ಹೊತ್ತು, ಅದನ್ನ ಯಾರೂ ಹೇಳ್ಲಿಲ್ಲ ಅಷ್ಟೇ.

ಬೇಜಾರಾಗೋದು ಏನಂದ್ರೆ ನಮಗೆ ಇದು ಗೊತ್ತಿಲ್ದೇ ಇರೋ ವಿಷಯ ಅಲ್ಲ. ನಮ್ಮಜ್ಜಿ ಪಕ್ಕದೂರಿಗೆ ಎಷ್ಟು ದೂರ ಅಂದ್ರೆ "ಎಲೆಅಡಿಕೆ ಬಾಯಲ್ಲಿ ಮುಗಿಯೋದ್ರೊಳಗೆ ಹೋಗ್ಬಹುದು" ಅಂತಿದ್ಲು. "ಹೊತ್ತು ನೆತ್ತಿಗೆ ಬರೋದ್ರೊಳಗೆ ತಲುಪ್ತೀಯ" ಅಂತಿದ್ಲು. ಕಾಲಲ್ಲಿ ನಡೆಯೋರು ದಾರಿ ಅಳೆಯೋದೇ ಹಾಗೆ. ಬೈಕ್ ಕಾರ್ ಬಂದ್ಮೇಲೆ ನಾವು ಬೆಟ್ಟಾನೂ ಟಾರ್ ರೋಡ್ ಥರ ಕಿಲೋಮೀಟರಲ್ಲಿ ಹೇಳೋಕೆ ಶುರು ಮಾಡಿದ್ವಿ, ಇವರು ಅಜ್ಜಿ ಲೆಕ್ಕಾನೇ ಬೋರ್ಡ್ ಮೇಲೆ ಬರ್ದು ನಿಲ್ಸಿದಾರೆ. ಈಗ ಊರಲ್ಲೂ ಕೆಲವು ಟ್ರೆಕ್‌ಗೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇದೆ, ಅದು ಒಳ್ಳೇದೇ, ಅದರ ಜೊತೆಗೆ ತಿರುವಿಗೊಂದು ಹೊತ್ತು ಬರೆದ ಹಲಗೆ ಇಟ್ರೆ ಸಾಕು.

ಒಂದು ಮಾತು ಮಾತ್ರ ಒಪ್ಕೊಬೇಕು. ಓಬರ್‌ಬೆರ್ಗ್ಲಿ ದಾಟಿದ ಮೇಲೆ ಕಡಿದಾದ ಇಳಿಜಾರು, ಭಾವನ ಕಾಲು ನಡುಗೋಕೆ ಶುರುವಾಯ್ತು, ಅಷ್ಟು ಹೊತ್ತಿಗೆ ಆ ಕಡೆ ಬೆಟ್ಟದ ಮೇಲೆ ಮೋಡ ಕಟ್ತಿತ್ತು. ಬೋರ್ಡಿಗೆ ಭಾವನ ಕಾಲು ಗೊತ್ತಿಲ್ಲ. ಕುಮಾರಪರ್ವತಕ್ಕೆ ಹೋದಾಗ ಗಿರಿಗದ್ದೆ ಭಟ್ಟರ ಮನೇಲಿ ಅನ್ನ ಸಾಂಬಾರ್ ತಿಂತಾ ಕೂತಿದ್ರೆ ಒಬ್ಬರು ವಯಸ್ಸಾದೋರು ನನ್ನ ಫ್ರೆಂಡ್ ಮುಖ ನೋಡಿ "ನೀವು ಇವತ್ತು ಮೇಲೆ ಹೋಗ್ಬೇಡಿ, ಇಲ್ಲೇ ಮಲಗಿ" ಅಂದ್ರು, ರಾತ್ರಿ ಅವನಿಗೆ ಜ್ವರ ಬಂತು. ಅದನ್ನ ಇಲ್ಲಿ ಯಾರೂ ಹೇಳಲ್ಲ, ಗ್ರುಎಸೆಖ್ ಅಂತ ನಮಸ್ಕಾರ ಮಾಡಿ ಮುಂದೆ ಹೋಗ್ತಾರೆ.

ಭಾವ ಊರಿಗೆ ಹೋಗಿ ಎರಡು ವಾರಕ್ಕೆ ಫೋನ್ ಮಾಡಿದ್ರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಅವರಿಗೆ 50 ನಿಮಿಷ ಅಂತೆ, ನಂದಿ ಹತ್ರ ಕೂತಿದ್ದು ಬಿಟ್ಟು. ಅವರ ವಾಕಿಂಗ್ ಗ್ರೂಪಲ್ಲಿ ಎಲ್ರೂ ಈಗ ಅವರವರ ಹೊತ್ತು ಬರ್ದು ಹಾಕ್ತಿದಾರಂತೆ.