ರಾವಣ ಆದಮೇಲೆ ಏನಾಯ್ತು ಮಾವ?

ಮೊನ್ನೆ ಗೋಕರ್ಣದಿಂದ ಬೆಂಗಳೂರಿಗೆ ಬಂದಿಳಿದಾಗ ನನ್ನ ಚೀಲದಲ್ಲಿ ಇದ್ದದ್ದು ಇಷ್ಟು: ಎರಡು ಕೆಜಿ ಒಣ ಮುರುಗಲು, ಒಂದು ಒದ್ದೆ ಟವೆಲ್ಲು, ರಾವಣನ ಬಗ್ಗೆ 32 ಪುಟ ಟಿಪ್ಪಣಿ. ನಾನು ಹೋಗಿದ್ದು ರಾವಣನಿಗಾಗಿ ಅಲ್ಲ.

ತಪ್ಪು ನನ್ನದೇ. ಅಜ್ಜಿಮನೆ ಕಡೆಯವರು ಯಾರೋ ಸ್ಮರಣ ಸಂಚಿಕೆ ತರುತ್ತೇವೆ ಎಂದರು. "ನಮ್ಮೂರಿಗೆ ಪ್ರವಾಸಿಗರು ಬರಲು ಶುರುವಾದ ಕಥೆ, ನಾಲ್ಕು ಪುಟ, ನೀನು ಹೇಗೂ ಬರೀತೀಯಲ್ಲ" ಎಂದರು. ಹೊಗಳಿಕೆಗೆ ಕರಗಿದೆ. ಮೇ ತಿಂಗಳಲ್ಲಿ, ಬೆವರಿಗೆ ಪೆನ್ನೇ ಜಾರುವ ಊರಿಗೆ, ರಾತ್ರಿ ಬಸ್ಸು ಹತ್ತಿದೆ.

ಹೋಗುವ ಮೊದಲು ಮೊಬೈಲಲ್ಲಿ 'ಗೋಕರ್ಣ ಇತಿಹಾಸ' ಅಂತ ಹುಡುಕಿದ್ದೆ. ನೋಡಲೇಬೇಕಾದ ಬೀಚುಗಳು ಬಂದವು, ಕೂರಲೇಬೇಕಾದ ಕೆಫೆಗಳು ಬಂದವು. ಆಮೇಲೆ 1883ರ ಬಾಂಬೆ ಗೆಜೆಟಿಯರ್ ತೆಗೆದೆ. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಹಾಗಾಗಿ ನಮ್ಮೂರ ಲೆಕ್ಕವೆಲ್ಲ ಅಲ್ಲಿದೆ. ದೇವಸ್ಥಾನ ಇದೆ, ಶಿವರಾತ್ರಿ ಜಾತ್ರೆ ಇದೆ, ಉಪ್ಪು ಇದೆ. 1670ರ ದಶಕದಲ್ಲೇ ಜಾನ್ ಫ್ರಯರ್ ಎಂಬ ಇಂಗ್ಲಿಷ್ ವೈದ್ಯ ಜಾತ್ರೆ ನೋಡಲು ಗೋಕರ್ಣಕ್ಕೆ ಬಂದಿದ್ದ. ಅಂದರೆ ಮೊದಲ ವಿದೇಶಿ ಪ್ರವಾಸಿ ಸಿಕ್ಕಿಬಿಟ್ಟ. ಎರಡನೆಯವನು ಸಿಕ್ಕರೆ ಲೇಖನ ಮುಗೀತು ಅಂದುಕೊಂಡೆ.

ಎರಡನೆಯವನ ವಿಷಯ ಸೋದರಮಾವನಿಗೆ ಗೊತ್ತು ಅಂತ ಊರೇ ಹೇಳಿತು. ಯಾತ್ರಿಕರಿಗೆ ಜಗುಲಿ ಬಿಟ್ಟುಕೊಡುತ್ತಿದ್ದ ಮನೆ ಅದು. ಆಮೇಲೆ ಗಡ್ಡದ ಬಿಳಿಯರಿಗೂ ಕೋಣೆ ಕೊಟ್ಟರು.

"ಮಾವ, ಮೊದಲ ಫಾರಿನ್ನರು ನಮ್ಮನೆಗೆ ಬಂದದ್ದು ಯಾವಾಗ?"

"ಕೂತ್ಕ. ಬುಡದಿಂದ ಹೇಳ್ತೆ."

ಬುಡ ಎಂದರೆ ಎಪ್ಪತ್ತರ ದಶಕ ಇರಬಹುದು ಎಂದುಕೊಂಡೆ. ಮಾವನ ಬುಡ ಲಂಕೆಯಲ್ಲಿತ್ತು. ರಾವಣನ ತಾಯಿ ಮರಳಿನಲ್ಲಿ ಲಿಂಗ ಮಾಡಿ ಪೂಜಿಸುತ್ತಿದ್ದಳು, ಅದನ್ನು ಸಮುದ್ರ ಕೊಚ್ಚಿಕೊಂಡು ಹೋಯಿತು. ಅಮ್ಮನಿಗಾಗಿ ಮಗ ಆತ್ಮಲಿಂಗ ತರಲು ಕೈಲಾಸಕ್ಕೆ ಹೊರಟ. ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಮ್ಮ ಕರೆಂಟ್ ಹೋಯಿತು. ಮಾವ ಎದ್ದು ಮಲಗಿದರು.

ಮರುದಿನ ರಾವಣ ತಪಸ್ಸಿಗೆ ಕೂತಿದ್ದ. ನಾನು ತಡೆಯಲಾರದೆ, "ಮಾವ, ಕೊಂಕಣ ರೈಲು 1998ರಲ್ಲಿ ಬಂತಲ್ಲ, ಅದಕ್ಕಿಂತ ಮೊದಲೋ ಆಮೇಲೋ, ಅಷ್ಟು ಹೇಳಿ" ಎಂದೆ.

"ಅಲ್ಲಿಗೇ ಬರ್ತಾ ಇದ್ದೆ. ಈಗ ತಪ್ಪಿ ಹೋಯ್ತು. ಎಲ್ಲಿದ್ದೆ? ಹಾಂ, ರಾವಣನ ತಾಯಿ..."

ಮಾವನ ಕಥೆಯ ಗುಟ್ಟು ಆಗ ತಿಳಿಯಿತು. ಮಧ್ಯೆ ಬಾಯಿ ಹಾಕಿದರೆ ಅದು ಹಳೇ ಕ್ಯಾಸೆಟ್ಟಿನ ಹಾಗೆ ಮೊದಲಿಗೇ ಸುತ್ತಿಕೊಳ್ಳುತ್ತದೆ. ಆ ದಿನ ನಾನು ಮೂರು ಸಲ ಬಾಯಿ ಹಾಕಿದೆ, ಮರಳಿನ ಲಿಂಗ ಮೂರು ಸಲ ಕೊಚ್ಚಿಹೋಯಿತು. ಮೂರನೇ ದಿನ ತುಟಿ ಹೊಲಿದುಕೊಂಡು ಕೂತೆ. ಗಣಪತಿ ದನಗಾಹಿ ಹುಡುಗನಾಗಿ ಬಂದ, ಮೂರು ಸಲ ಕರೆದು ಲಿಂಗವನ್ನು ನೆಲಕ್ಕಿಟ್ಟ. ರಾವಣ ಎಳೆದ. ಲಿಂಗ ತಿರುಚಿ ದನದ ಕಿವಿಯಂತಾಯಿತು, ಆದರೆ ಮೇಲೇಳಲಿಲ್ಲ. ಮಹಾಬಲ! ಸಿಟ್ಟಿನಲ್ಲಿ ಗಣಪತಿಯ ತಲೆಗೆ ಗುದ್ದಿದ. ಲಿಂಗದ ಸಂಪುಟ, ಹೊದಿಕೆ, ದಾರ ಎಲ್ಲ ಎತ್ತಿ ಎಸೆದ. ಧಾರೇಶ್ವರ, ಗುಣವಂತೆ, ಮುರ್ಡೇಶ್ವರ... ರಾವಣ ಬರಿಗೈಲಿ ಲಂಕೆಗೆ ಹೋದ.

"ಆಮೇಲೆ ಮಾವ?"

"ಆಮೇಲೆ ಹಿಪ್ಪಿಗಳು ಬಂದ್ರು."

ತ್ರೇತಾಯುಗಕ್ಕೂ ಹಿಪ್ಪಿಗಳಿಗೂ ಮಧ್ಯೆ ಗೋಕರ್ಣದಲ್ಲಿ ಏನೂ ನಡೆಯಲಿಲ್ಲ. ಕದಂಬರಿಲ್ಲ, ಪೋರ್ಚುಗೀಸರಿಲ್ಲ, ಪಕ್ಕದ ಮಿರ್ಜಾನ್ ಕೋಟೆ ಇಲ್ಲ, 1930ರಲ್ಲಿ ಆಚೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವೂ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು. ರಜೆ ಹಾಕಿ ಬಂದವನು ನಾನು.

"ಯಾವ ಇಸವಿ?"

"ಇಸವಿ ಎಲ್ಲ ಯಾರಿಗೆ ನೆನಪಿರ್ತು! ನಮ್ಮ ಗಂಗೆ ಸತ್ತ ವರ್ಷ."

ಗಂಗೆ ಎಂದರೆ ದನ. ಗಂಗೆ ಸತ್ತದ್ದು ಗೌರಿ ಎರಡನೇ ಕರು ಹಾಕಿದಾಗ. ಗೌರಿ ಗಂಗೆಯ ಮಗಳು. "ಮಗಳಲ್ಲ, ತಂಗಿ" ಎಂದು ಒಳಗಿಂದ ಅತ್ತೆಯ ದನಿ ಬಂತು. ಮಾವ ಒಪ್ಪಲಿಲ್ಲ. ಮಗಳಾದರೆ 1978, ತಂಗಿಯಾದರೆ 1974. ಪಕ್ಕದ ಮನೆಯವರನ್ನು ಕರೆದರು. ಅವರು ಬಂದು, ಗೌರಿ ಈ ಮನೆಯದ್ದೇ ಅಲ್ಲ, ತಮ್ಮ ಮನೆಯಿಂದ ಕೊಂಡದ್ದು, ಅದರ ಹಣ ಇನ್ನೂ ಪೂರ್ತಿ ಬಂದಿಲ್ಲ ಎಂದರು. ಮುಂದಿನ ಒಂದು ತಾಸಿನ ವಿಷಯ ಇಲ್ಲಿ ಬೇಡ. ನಮ್ಮ ಕೊಟ್ಟಿಗೆಯ ಮೂರು ತಲೆಮಾರಿನ ವಂಶಾವಳಿ ಈಗ ನನ್ನ ಹತ್ತಿರ ಪಕ್ಕಾ ಇದೆ. ಮನುಷ್ಯರದ್ದಿಲ್ಲ. ಇರಲಿ, ದನದ ಕಿವಿ ಅಂತಲೇ ಹೆಸರಿಟ್ಟುಕೊಂಡ ಊರು ದನದ ಲೆಕ್ಕದಲ್ಲಿ ಕಾಲ ಎಣಿಸಿದರೆ ತಪ್ಪೇನು?

ಗೌರಿಯ ಹಣದ ಚೀಟಿ ಹುಡುಕಲು ಅತ್ತೆ ಹಳೇ ಟ್ರಂಕು ತೆಗೆದರು. ಚೀಟಿ ಸಿಗಲಿಲ್ಲ. ಅಜ್ಜಿಯ ಲೆಕ್ಕದ ಪುಸ್ತಕ ಸಿಕ್ಕಿತು. ಅಂಚೆಲ್ಲ ಗೆದ್ದಲು, ಮಧ್ಯದಲ್ಲಿ ದೋಸೆಹಿಟ್ಟಿನ ಬೆರಳಚ್ಚು. ಸಾಣಿಕಟ್ಟೆ ಉಪ್ಪು ಅರ್ಧ ಗೋಣಿ. ಚಿಮಣಿ ಎಣ್ಣೆ. ಅದರ ಕೆಳಗೆ, ನೋಡಿ: "ಉದ್ದ ಜಡೆಯವಳು, 2 ದೋಸೆ, 1 ಚಾ, ಕೊಟ್ಟಳು. ಕೆಂಪು ಗಡ್ಡ, 4 ದೋಸೆ, ಬಾಕಿ." ಪುಟದ ತಲೆಯ ಮೇಲೆ ಗುಂಡಗೆ, "ದುರ್ಮತಿ ಸಂ. ಮಾರ್ಗಶಿರ."

ಪಂಚಾಂಗ ತೆಗೆದು ಬೆರಳು ಮಡಿಚಿದೆ. 1981ರ ಡಿಸೆಂಬರ್! ಮೂರು ದಿನ ರಾವಣನ ಹಿಂದೆ ಅಲೆದೆನಲ್ಲ, ಇಸವಿ ಅಡಿಗೆಮನೆಯ ಟ್ರಂಕಿನಲ್ಲಿತ್ತು.

ಪುಟ ತಿರುವಿದೆ. ಕೆಂಪು ಗಡ್ಡದ ಬಾಕಿ ಏರುತ್ತಲೇ ಹೋಗಿ 11 ದೋಸೆಗೆ ನಿಂತಿತ್ತು. ಅದರ ಮರುದಿನದ ಸಾಲಿನಲ್ಲಿ ಲೆಕ್ಕವಿಲ್ಲ. "ಕೆಂಪು ಗಡ್ಡ ಇವತ್ತು ಬರಲಿಲ್ಲ. ಜ್ವರವೋ ಏನೋ. ಗಂಜಿ ಕಳಿಸಿದೆ." ಗಂಜಿಗೆ ಅಜ್ಜಿ ದುಡ್ಡು ಬರೆದಿರಲಿಲ್ಲ. ಅವಳು ಓಂ ಬೀಚನ್ನು ಒಮ್ಮೆಯೂ ನೋಡಿದವಳಲ್ಲವಂತೆ. ಗುಡ್ಡದಾಚೆ ಸಮುದ್ರ ಹೇಗಿದೆ ಅಂತ ದೋಸೆ ತಿನ್ನಲು ಬಂದವರನ್ನೇ ಕೇಳುತ್ತಿದ್ದಳಂತೆ, ಕನ್ನಡದಲ್ಲೇ. ಅವರು ಎರಡು ಕೈಯಲ್ಲಿ ಎರಡು ಅರ್ಧಚಂದ್ರ ಬರೆದು ತೋರಿಸುತ್ತಿದ್ದರಂತೆ. ಅತ್ತೆ ಇದನ್ನು ಹೇಳುವಾಗ ಮಾವ ಮೊದಲ ಬಾರಿಗೆ ಸುಮ್ಮನಿದ್ದರು.

ಲೇಖನ ಬರೆದು ಕಳಿಸಿದೆ. ಸಂಪಾದಕರ ಫೋನ್ ಬಂತು. ಚೆನ್ನಾಗಿದೆಯಂತೆ, ಆದರೆ ಮಾವ ಅದಾಗಲೇ ಅವರಿಗೆ ಒಂದು ಲೇಖನ ಕೊಟ್ಟಿದ್ದಾರಂತೆ, ಹನ್ನೆರಡು ಪುಟ, ನನ್ನದಕ್ಕೆ ಜಾಗ ಸಾಲದಂತೆ. ಅದು ಎಲ್ಲಿಂದ ಶುರುವಾಗುತ್ತದೆ ಎಂದು ನಾನು ಕೇಳಲಿಲ್ಲ.

ಹೊರಡುವ ಸಂಜೆಯದ್ದೊಂದು ಹೇಳಲು ಬಿಟ್ಟೆ. ಮಾವ ನನ್ನನ್ನು ಬಸ್ಸಿಗೆ ಬಿಡಲು ರಥಬೀದಿಯಲ್ಲಿ ಬರುತ್ತಿದ್ದರು. ಎದುರಿಗೆ ಎಪ್ಪತ್ತು ದಾಟಿದ ಬಿಳಿಯ, ಲುಂಗಿ ಉಟ್ಟು, ಎಳನೀರು ಹಿಡಿದು, ನಿಧಾನಕ್ಕೆ ನಡೆದು ಬಂದ. ಗಡ್ಡ ಹತ್ತಿಯಷ್ಟು ಬೆಳ್ಳಗಿತ್ತು. ಮಾವ ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನನ್ನ ಮೊಣಕೈ ತಿವಿದರು.

"ನಿಂಗೆ ಇಂಗ್ಲಿಷ್ ಬತ್ತಲ್ಲ. ಗಡ್ಡ ಮೊದಲು ಕೆಂಪಿತ್ತಾ ಕೇಳು."