ದೇಶದ್ರೋಹಿ ಮೊಳೆ

ಅಮೆರಿಕದ ಅಧ್ಯಕ್ಷ ಟ್ರಂಪ್ ಅವರ ಲೆಕ್ಕ ಬಹಳ ಸರಳ. ಹೊರದೇಶದ ಉಕ್ಕಿಗೆ 25% ಸುಂಕ ಅಂದರೆ ಕುಳ್ಳ ಬೇಲಿ. ಹೊರಗಿನವರು ಹೇಗೋ ಹಾರಿ ಒಳಗೆ ಬಂದುಬಿಡುತ್ತಾರೆ. 50% ಮಾಡಿದರೆ ಹಾರೋದಕ್ಕೆ ಆಗಲ್ಲ. 2025ರ ಮೇ ಕೊನೆಯಲ್ಲಿ ಪಿಟ್ಸ್‌ಬರ್ಗ್ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ನಿಂತು ಅವರು ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಜೂನ್ 4ಕ್ಕೆ ಬೇಲಿ ಎತ್ತರವಾಯಿತು. ಮಾರ್ಚ್ 12ರಂದು ಹಾಕಿದ ಹಳೇ ಬೇಲಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ.

ಒಂದೇ ತೊಂದರೆ. ಬೇಲಿ ಕಟ್ಟೋದಕ್ಕೆ ತಂತಿ ಬೇಕು, ಮೊಳೆ ಬೇಕು. ಅವಕ್ಕೂ ಅದೇ ಸುಂಕ.

ಈ ಸುಂಕದ ಹಿಂದಿರುವುದು 1962ರ ಒಂದು ಕಾಯ್ದೆಯ 232ನೇ ಸೆಕ್ಷನ್. ಆಮದಾಗುವ ವಸ್ತುವಿನಿಂದ ದೇಶದ ಭದ್ರತೆಗೆ ಅಪಾಯ ಅಂತ ಕಂಡರೆ ಅಧ್ಯಕ್ಷರು ಅದನ್ನು ತಡೆಯಬಹುದು. 2018ರಲ್ಲಿ ಹೀಗೆ ಅಪಾಯಕಾರಿಯಾಗಿ ಕಂಡ ದೇಶಗಳಲ್ಲಿ ಕೆನಡಾ ಕೂಡ ಒಂದು. ಕೆನಡಾದವರು ಎಷ್ಟು ಅಪಾಯಕಾರಿ ಎಂದು ಹಾಕಿ ಆಡಿದವರಿಗೆ ಮಾತ್ರ ಗೊತ್ತಿರಬೇಕು. ಅದೇ ಹೊತ್ತಿನಲ್ಲಿ ರಕ್ಷಣಾ ಸಚಿವರಾಗಿದ್ದ ಜೇಮ್ಸ್ ಮ್ಯಾಟಿಸ್ ಒಂದು ಟಿಪ್ಪಣಿ ಬರೆದಿದ್ದರು. ಸೇನೆಗೆ ಬೇಕಾದ ಉಕ್ಕು ದೇಶದ ಒಟ್ಟು ಉತ್ಪಾದನೆಯಲ್ಲಿ ಸುಮಾರು 3% ಮಾತ್ರ ಎಂದು ಅದರಲ್ಲಿತ್ತು. ಪಾಪ, ಸೈನಿಕ ಮನುಷ್ಯ. ಯುದ್ಧ ಅಂದರೆ ಟ್ಯಾಂಕು, ಹಡಗು ಅಂತ ತಿಳಿದಿದ್ದರು. ಉಳಿದ 97% ಉಕ್ಕಿನ ಬಾಗಿಲು, ಕಿಟಕಿ, ಮೆಟ್ಟಿಲು, ಕಂಬಿಗಳೂ ಗಡಿ ಕಾಯುತ್ತವೆ ಅನ್ನೋದು ಅವರಿಗೆ ಹೊಳೆಯಲಿಲ್ಲ.

2020ರ ಜನವರಿಯಲ್ಲಿ ಸುಂಕದ ಪಟ್ಟಿಗೆ ಹೊಸ ಹೆಸರುಗಳು ಸೇರಿದವು. ಮೊಳೆ, ಸ್ಟೇಪಲ್, ಕಾರಿನ ಬಂಪರ್. ಜಗತ್ತಿನ ಅತಿ ಬಲಿಷ್ಠ ಸೇನೆಯ ಯಜಮಾನರು ಅಳೆದು ತೂಗಿ, ಸಹಿ ಹಾಕಿ, ಮೊಳೆಯನ್ನು ಶತ್ರು ಎಂದು ಘೋಷಿಸಿದರು. ಮೊಳೆ ತರಿಸುವ ಕಂಪನಿಯೊಂದು ಕೋರ್ಟಿಗೆ ಹೋಯಿತು. ಕಾಯ್ದೆಯಲ್ಲಿ ಹೇಳಿದ ಗಡುವು ಮುಗಿದ ಮೇಲೆ ಹೀಗೆ ಪಟ್ಟಿ ಉದ್ದ ಮಾಡೋದು ಹೇಗೆ ಎಂದು ಕೇಳಿತು. 2021ರಲ್ಲಿ ಗೆದ್ದಿತು. 2023ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತಿತು. ಗಡುವು ಇರುವುದು ಅರ್ಜಿ ಹಾಕುವವರಿಗೆ ಅಲ್ವಾ, ಸರ್ಕಾರಕ್ಕೆಲ್ಲಿ?

ಮೊಳೆಯ ವಿಷಯ ಬಂದಿದ್ದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಅದರ ಪ್ರಯಾಣದ ಕತೆ ನನಗೆ ಬಹಳ ಇಷ್ಟ.

2008ರಲ್ಲಿ ಅಮೆರಿಕ ಚೀನಾದ ಉಕ್ಕಿನ ಮೊಳೆಗಳ ಮೇಲೆ ಆಂಟಿ ಡಂಪಿಂಗ್ ಸುಂಕ ಹಾಕಿತು. ತೀರಾ ಅಗ್ಗಕ್ಕೆ ಮಾರುತ್ತಿದ್ದಾರೆ ಎಂಬ ದೂರು. ಸರಿ, ಮೊಳೆ ಬೇರೆ ಕಡೆಯಿಂದ ಬರಲು ಶುರುವಾಯಿತು. 2012ರಲ್ಲಿ ಯುಎಇ ಮೊಳೆಗೆ ಸುಂಕ. ಮರಳುಗಾಡಿನಲ್ಲಿ ಇಷ್ಟು ಮೊಳೆ ಹೇಗೆ ಬೆಳೀತು ಎಂದು ಯಾರೋ ತಡವಾಗಿ ಯೋಚಿಸಿರಬೇಕು. 2015ರಲ್ಲಿ ಒಂದೇ ಏಟಿಗೆ ದಕ್ಷಿಣ ಕೊರಿಯಾ, ಮಲೇಷ್ಯಾ, ಒಮಾನ್, ತೈವಾನ್, ವಿಯೆಟ್ನಾಂ ಮೊಳೆಗಳಿಗೆ. 2021ರ ಕೊನೆಯಲ್ಲಿ ಇನ್ನೊಂದು ದೂರು. ಆರೋಪಿಗಳು ಭಾರತ, ಶ್ರೀಲಂಕಾ, ಥಾಯ್ಲೆಂಡ್, ಟರ್ಕಿ. ಶಾಲೆಯಲ್ಲಿ ಭೂಗೋಳ ಕಲಿಸಲು ಅಟ್ಲಾಸ್ ಬೇಕಿಲ್ಲ, ಈ ಕೇಸುಗಳ ಕಡತ ಕೊಟ್ಟರೆ ಸಾಕು.

ಅದರಲ್ಲೂ ಭಾರತದ ಪಾತ್ರ ಸೊಗಸಾಗಿದೆ. 2008ರ ಕೇಸಿನಲ್ಲಿ ಚೀನಾದ ಮೊಳೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಬೇಕಿತ್ತು. ಚೀನಾದ ಬೆಲೆ ನಂಬುವಂತಿಲ್ಲ, ಅಲ್ಲಿ ಬೆಲೆ ನಿರ್ಧರಿಸುವುದು ಮಾರುಕಟ್ಟೆಯಲ್ಲ ಎಂಬ ನಿಯಮ. ಹಾಗಾದರೆ ಯಾರ ಬೆಲೆ ನಂಬೋದು? ಭಾರತದ್ದು. ಚೀನಾದ ಕಾರ್ಖಾನೆಯ ಮೊಳೆಗೆ ಭಾರತದ ದರ ಹಚ್ಚಿ, ನೋಡಿ ಎಷ್ಟು ವ್ಯತ್ಯಾಸ, ಮೋಸ ಎಂದು ತೀರ್ಪು ಕೊಟ್ಟರು. ಆಗ ನಾವು ಸತ್ಯಹರಿಶ್ಚಂದ್ರರು. ಹದಿಮೂರು ವರ್ಷ ಕಳೆಯುವುದರಲ್ಲಿ ನಮ್ಮ ಮೊಳೆಗೂ ಸರ್ಕಾರದ ಸಬ್ಸಿಡಿಯ ವಾಸನೆ ಬಡಿಯಿತು. ಸಾಕ್ಷಿಯ ಕಟ್ಟೆಯಿಂದ ಕಟಕಟೆಗೆ ಇಷ್ಟೇ ದೂರ.

ದೂರು ಕೊಟ್ಟವರು ಯಾರು? ಅದರಲ್ಲೇ ಇರುವುದು ಮಜಾ. ಈ ಕೇಸುಗಳಲ್ಲಿ ಮುಂದೆ ನಿಂತದ್ದು ಮಿಸೌರಿ ರಾಜ್ಯದ ಪೋಪ್ಲರ್ ಬ್ಲಫ್ ಊರಿನ ಮಿಡ್ ಕಾಂಟಿನೆಂಟ್ ಎಂಬ ಮೊಳೆ ಕಂಪನಿ. ಹೊರಗಿನ ಮೊಳೆಯಿಂದ ನಮ್ಮನ್ನು ಕಾಪಾಡಿ ಎಂದು ವರ್ಷಗಟ್ಟಲೆ ಕೇಳಿತು. ಸರ್ಕಾರ ಕಾಪಾಡಿತು. 2018ರಲ್ಲಿ ಇನ್ನೂ ಜಾಸ್ತಿ ಕಾಪಾಡಲು ಹೊರಟು ಉಕ್ಕಿನ ತಂತಿಗೂ 25% ಸುಂಕ ಹಾಕಿತು. ಮೊಳೆ ಆಗುವುದು ತಂತಿಯಿಂದ. ಈ ಕಂಪನಿ ತಂತಿ ತರಿಸುತ್ತಿದ್ದದ್ದು ಮೆಕ್ಸಿಕೋದಲ್ಲಿರುವ ತನ್ನ ಮಾಲೀಕ ಸಂಸ್ಥೆಯಿಂದ. ತಂತಿಗೆ ಸುಂಕ ಬಿತ್ತು, ಹೊರಗೆ ಮಾಡಿದ ಮೊಳೆಗೆ ಆಗ ಈ ಸುಂಕ ಇರಲಿಲ್ಲ. ಮೊಳೆ ತಯಾರಿಸುವುದಕ್ಕಿಂತ ತರಿಸುವುದೇ ಲಾಭ. ಜೂನ್ ತಿಂಗಳಲ್ಲೇ 60 ಜನರ ಕೆಲಸ ಹೋಯಿತು. ಕಂಪನಿ ಮುಚ್ಚುತ್ತೇವೆ ಎಂದು ಕೂಗಿಕೊಂಡಿತು, ವಿನಾಯಿತಿಗೆ ಅರ್ಜಿ ಹಾಕಿತು. 2019ರ ಏಪ್ರಿಲ್‌ನಲ್ಲಿ ವಿನಾಯಿತಿ ಸಿಕ್ಕಿತು. ಮರು ತಿಂಗಳು ಮೇನಲ್ಲಿ ಮೆಕ್ಸಿಕೋ ಉಕ್ಕಿನ ಮೇಲಿನ ಸುಂಕವೇ ಎದ್ದು ಹೋಯಿತು. ಸರ್ಕಾರಿ ಸಮಯಪ್ರಜ್ಞೆ ಎಲ್ಲ ದೇಶಗಳಲ್ಲೂ ಒಂದೇ ಥರ ಇರುತ್ತದೆ ಅನ್ನೋದೊಂದು ಸಮಾಧಾನ.

ವಿನಾಯಿತಿಯ ಅರ್ಜಿಗಳ ಬಗ್ಗೆಯೂ ಎರಡು ಮಾತು. ಆಗ ಬೇರೆ ಬೇರೆ ಅಳತೆಯ ಉಕ್ಕಿಗೆ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. ದಪ್ಪ ಬದಲಾದರೆ ಹೊಸ ಅರ್ಜಿ. ಅಗಲ ಬದಲಾದರೆ ಇನ್ನೊಂದು. 2019ರ ನವೆಂಬರ್ ಹೊತ್ತಿಗೆ 1 ಲಕ್ಷ 6 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. 19 ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ತುಂಬಿದ್ದು ಸರಿಯಿಲ್ಲ ಎಂದು ವಿಚಾರಣೆಗೆ ಮೊದಲೇ ಪಕ್ಕಕ್ಕಿಟ್ಟರು. ಉಕ್ಕಿನ ಉದ್ಯಮಕ್ಕೆ ಏನಾಯಿತೋ, ಕಾಗದದ ಉದ್ಯಮ ಮಾತ್ರ ಚೇತರಿಸಿಕೊಂಡಿರಬೇಕು. 2025ರಲ್ಲಿ ಹೊಸ ವಿನಾಯಿತಿ ಕೇಳುವ ಬಾಗಿಲನ್ನೇ ಮುಚ್ಚಿದರು. ಅರ್ಜಿ ವಿಲೇವಾರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಇನ್ನು ವ್ಯಾಪಾರಿಗಳು ಸುಮ್ನೆ ಇರ್ತಾರಾ? ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ. ಬೋರಾನ್ ಕತೆ ಕೇಳಿ. ಕಸ್ಟಮ್ಸ್ ಪುಸ್ತಕದ ಪ್ರಕಾರ ಉಕ್ಕಿನಲ್ಲಿ 0.0008% ಬೋರಾನ್ ಇದ್ದರೆ ಅದು ಮಾಮೂಲಿ ಉಕ್ಕಲ್ಲ, ಮಿಶ್ರಲೋಹದ ಉಕ್ಕು. 0.0008% ಎಂದರೆ ಒಂದು ಟನ್ನಿಗೆ 8 ಗ್ರಾಂ. ಚೀನಾದಲ್ಲಿ ಮಿಶ್ರಲೋಹದ ಉಕ್ಕು ರಫ್ತು ಮಾಡಿದರೆ ತೆರಿಗೆ ವಾಪಸ್ ಸಿಗುತ್ತಿತ್ತು. ಇನ್ನೇನು, ಮನೆ ಕಟ್ಟುವ ಕಂಬಿಗೂ ಚಿಟಿಕೆ ಬೋರಾನ್ ಬಿತ್ತು. ಹಡಗು ಹಡಗು ಮಾಮೂಲಿ ಕಂಬಿ ರಾತ್ರೋರಾತ್ರಿ ವಿಶೇಷ ಲೋಹವಾಯಿತು. ಕಾಂಕ್ರೀಟಿನೊಳಗೆ ಹೋದ ಮೇಲೆ ಅದರ ವಿಶೇಷ ಏನು ಅಂತ ಕೇಳಬೇಡಿ, ಕಂಬಿಗೂ ಗೊತ್ತಿರಲಿಲ್ಲ. 2015ರ ಜನವರಿ 1ರಿಂದ ಬೋರಾನ್ ಉಕ್ಕಿಗೆ ಆ ವಾಪಸಾತಿ ನಿಂತಿತು. ಉಕ್ಕಿಗೆ ಕ್ರೋಮಿಯಂ ಬೀಳತೊಡಗಿತು. ಈ ಬುದ್ಧಿಯಲ್ಲಿ ಅರ್ಧದಷ್ಟನ್ನು ಒಳ್ಳೆಯ ಕಂಬಿ ಮಾಡಲು ಬಳಸಿದ್ದರೆ ಅಂತ ಅನಿಸುತ್ತದೆ. ಆದರೆ ಒಳ್ಳೆಯ ಕಂಬಿಗೆ ತೆರಿಗೆ ವಾಪಸ್ ಕೊಡುವ ನಿಯಮ ಯಾರೂ ಮಾಡಿಲ್ಲ.

ಯುರೋಪಿನವರು ಇದನ್ನೆಲ್ಲ ಇನ್ನೂ ನಾಜೂಕಾಗಿ ಮಾಡುತ್ತಾರೆ. ಚೀನಾದ ಸ್ಕ್ರೂ, ಬೋಲ್ಟುಗಳಿಗೆ 2009ರಲ್ಲಿ 85%ವರೆಗೆ ಸುಂಕ ಹಾಕಿದರು. 2011ರಲ್ಲಿ ಮಲೇಷ್ಯಾದಿಂದ ಬರುವ ಸ್ಕ್ರೂಗಳಿಗೂ ವಿಸ್ತರಿಸಿದರು, ಅವು ಚೀನಾದ್ದೇ ಎಂದು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸೋತು 2016ರಲ್ಲಿ ತೆಗೆದರು. 2022ರಲ್ಲಿ ಹೊಸ ತನಿಖೆ ಮಾಡಿ ಮತ್ತೆ ಹಾಕಿದರು. ಈ ಸಲ 86.5%ವರೆಗೆ. ಆರು ವರ್ಷದ ಪಶ್ಚಾತ್ತಾಪಕ್ಕೆ ಒಂದೂವರೆ ಪರ್ಸೆಂಟ್ ಬಡ್ಡಿ. ಇದಲ್ಲದೆ 2019ರಿಂದ ಉಕ್ಕಿಗೆ ಮೂರು ತಿಂಗಳಿಗೊಮ್ಮೆ ತೆರೆಯುವ ಕೋಟಾ ಇಟ್ಟರು. ಕೋಟಾ ಮುಗಿದರೆ 25% ಸುಂಕ ಬೀಳುತ್ತಿತ್ತು. ಹಾಗಾಗಿ ಸರಕು ಬಂದರಿನ ಗೋದಾಮಿನಲ್ಲಿ ಒಂದನೇ ತಾರೀಕಿಗೆ ಕಾಯುತ್ತಾ ಕೂರುತ್ತಿತ್ತು. ಕೆಲವು ಬಗೆಯ ಉಕ್ಕಿನ ಕೋಟಾ ಮೊದಲ ದಿನವೇ ಖಾಲಿಯಾಗುತ್ತಿತ್ತು. ಕಟ್ಟಡ ಕಟ್ಟುವವರು ಸಿವಿಲ್ ಎಂಜಿನಿಯರಿಂಗ್ ಓದುವ ಬದಲು ಕ್ಯಾಲೆಂಡರ್ ಓದುವುದು ಕಲಿತರು. ಇದೇ ಯುರೋಪಿನವರು ಅಮೆರಿಕದ 50% ಅನ್ಯಾಯ ಎಂದು 2025ರ ಬೇಸಿಗೆಯಲ್ಲಿ ಬಹಳ ನೊಂದುಕೊಂಡರು. ಅಕ್ಟೋಬರ್‌ನಲ್ಲಿ ತಮ್ಮದೂ 50% ಇರಲಿ ಎಂದು ಪ್ರಸ್ತಾಪ ತಂದರು.

ಅಗ್ಗಕ್ಕೆ ಮಾರಿದ್ದಾರೋ ಇಲ್ಲವೋ ಎಂದು ಲೆಕ್ಕ ಹಾಕುವುದೂ ಒಂದು ಕಲೆ. ಅಮೆರಿಕದ ವಾಣಿಜ್ಯ ಇಲಾಖೆ ಬಹಳ ಕಾಲ ಹೀಗೆ ಮಾಡುತ್ತಿತ್ತು. ಕಡಿಮೆ ಬೆಲೆಗೆ ಮಾರಿದ ಸರಕಿನಲ್ಲಿ ಎಷ್ಟು ಕಡಿಮೆ ಎಂದು ಬರೆದುಕೊಳ್ಳುವುದು. ಹೆಚ್ಚು ಬೆಲೆಗೆ ಮಾರಿದ್ದಕ್ಕೆ ಸೊನ್ನೆ ಬರೆಯುವುದು. ಆಮೇಲೆ ಕೂಡುವುದು. ಹೀಗೆ ಕೂಡಿದರೆ ಯಾರು ಬೇಕಾದರೂ ಕಳ್ಳರೇ. ಇದು ತಪ್ಪು ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ ಮತ್ತೆ ಮತ್ತೆ ಹೇಳಿತು. ಆ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಯಿತು. 2019ರ ಡಿಸೆಂಬರ್‌ನಿಂದ ಅಲ್ಲಿ ವಿಚಾರಣೆಗೆ ಬೇಕಾದಷ್ಟು ಜನ ಇಲ್ಲ. ಅಂಕ ಕೊಡುವ ಮೇಷ್ಟ್ರೇ ಇಲ್ಲ ಅಂದ ಮೇಲೆ ಫೇಲಾಗುವ ಭಯ ಎಲ್ಲಿ?

2000ದಲ್ಲಿ ಇನ್ನೊಂದು ಕಾಯ್ದೆ ಮಾಡಿದ್ದರು. ಸೆನೆಟರ್ ರಾಬರ್ಟ್ ಬರ್ಡ್ ಅವರ ಹೆಸರಿನಲ್ಲಿ ಕರೆಯುತ್ತಾರೆ. ವಸೂಲಾದ ಆಂಟಿ ಡಂಪಿಂಗ್ ಸುಂಕವನ್ನು ದೂರು ಕೊಟ್ಟ ಕಂಪನಿಗಳಿಗೇ ಹಂಚುವುದು! ಎದುರಾಳಿಯ ಬೆಲೆಯೂ ಏರಿತು, ಏರಿಸಿದ ದುಡ್ಡೂ ಜೇಬಿಗೆ ಬಂತು. ಅದನ್ನು 2006ರಲ್ಲಿ ರದ್ದು ಮಾಡಿದರು. ಅಷ್ಟು ಪರಿಪೂರ್ಣವಾದ ಕಾಯ್ದೆ ಜಗತ್ತಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಇಷ್ಟು ಹೊತ್ತು ನಗುತ್ತಾ ಬರೆದೆ. ನಗು ಬರದ ಒಂದು ಭಾಗವೂ ಇದೆ.

ಅಮೆರಿಕದ ಆಂಟಿ ಡಂಪಿಂಗ್ ಕಾನೂನಿನಲ್ಲಿ ಕೇಸಿನ ಪಕ್ಷಗಾರರು ಯಾರು ಅಂತ ಒಂದು ಪಟ್ಟಿ ಇದೆ. ಹೊರದೇಶದ ತಯಾರಕರು ಇದ್ದಾರೆ. ರಫ್ತು ಮಾಡುವವರು, ತರಿಸುವವರು ಇದ್ದಾರೆ. ಆ ದೇಶದ ಸರ್ಕಾರ ಇದೆ. ಒಳಗಿನ ತಯಾರಕರು, ಅವರ ಕಾರ್ಮಿಕ ಸಂಘ, ವ್ಯಾಪಾರಿ ಸಂಘ ಎಲ್ಲ ಇವೆ. ಮನೆ ಕಟ್ಟುವವನು ಇಲ್ಲ. ಕಂಬಿ, ಮೊಳೆ, ಶೀಟು ಕೊಂಡು ಕೊನೆಗೆ ದುಡ್ಡು ಕೊಡುವ ಮನುಷ್ಯ ಆ ಪಟ್ಟಿಯಲ್ಲೇ ಇಲ್ಲ. ಬಳಕೆದಾರರು ಬೇಕಿದ್ದರೆ ಅಭಿಪ್ರಾಯ ಬರೆದು ಕಳಿಸಬಹುದು. ಅಷ್ಟೇ. ಹಾನಿ ಆಯಿತೇ ಎಂದು ನೋಡುವುದು ಮೊಳೆ ಮಾಡುವವನಿಗೆ. ಮೊಳೆ ಹೊಡೆಯುವವನಿಗೆ ಆದ ಹಾನಿ ಲೆಕ್ಕಕ್ಕೆ ಬರುವುದಿಲ್ಲ. ಬೆಂಕಿಯಲ್ಲೋ ಬಿರುಗಾಳಿಯಲ್ಲೋ ಮನೆ ಕಳೆದುಕೊಂಡವನು ಮತ್ತೆ ಕಟ್ಟಿಕೊಳ್ಳುವಾಗಲೂ ಅವನು ಕೇಸಿಗೆ ಹೊರಗಿನವನೇ. ಚೀನಾದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಉಕ್ಕು ತಯಾರಾಗುತ್ತಿದೆ, ಅದು ನಿಜ. ಸಬ್ಸಿಡಿ ಕೊಡುತ್ತಾರೆ, ಅದೂ ನಿಜ. ಕಾರ್ಖಾನೆ ಮುಚ್ಚಿದ ಊರುಗಳ ನೋವು ಸುಳ್ಳಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನು ಯಾರ ಜೇಬಿನಿಂದ ತೆಗೆಯುತ್ತೀರಿ ಅಂತ ಒಂದು ಸಲವಾದರೂ ಅವನನ್ನು ಕೂರಿಸಿ ಕೇಳಬೇಡವೇ? ಕೇಳುವುದಿಲ್ಲ. ಕೇಳಿದರೆ ಅವನು ಏನು ಹೇಳುತ್ತಾನೆ ಅಂತ ಎಲ್ಲರಿಗೂ ಗೊತ್ತು.

ಬೇರೆಯವರ ಬಗ್ಗೆ ಇಷ್ಟೆಲ್ಲ ಹೇಳಿ ನಮ್ಮದನ್ನು ಬಿಟ್ಟರೆ ದೇಶಾಭಿಮಾನಕ್ಕೆ ಕುಂದು. ಭಾರತ 2025ರ ಏಪ್ರಿಲ್ 21ರಿಂದ ಕೆಲವು ಬಗೆಯ ಚಪ್ಪಟೆ ಉಕ್ಕಿಗೆ 12% ರಕ್ಷಣಾ ಸುಂಕ ಹಾಕಿತು. ಮೊದಲು 200 ದಿನಕ್ಕೆ ಎಂದಿದ್ದು ಡಿಸೆಂಬರ್ ಕೊನೆಗೆ ಮೂರು ವರ್ಷದ್ದಾಯಿತು. ಇಂಥ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ನಾವು ನಿಯಮ ಮುರಿಯುವವರಲ್ಲ. ಮೊದಲ ವರ್ಷ 12%. ಎರಡನೇ ವರ್ಷ 11.5%. ಮೂರನೇ ವರ್ಷ 11%. ನಮ್ಮ ಉಕ್ಕಿನ ಉದ್ಯಮ ಈ ವೇಗದಲ್ಲಿ ಗುಣವಾಗುತ್ತಾ ಹೋದರೆ, ಸುಂಕ ಸೊನ್ನೆಗೆ ಬರಲು ಇನ್ನೂ 22 ವರ್ಷ ಬೇಕು. ಅವಧಿ ಮುಗಿಯುವುದು 2028ರ ಏಪ್ರಿಲ್‌ನಲ್ಲಿ. ಮುಂದುವರಿಸಿ ಎಂಬ ಅರ್ಜಿ ಬರೆಯಲು ಬೇಕಾದಷ್ಟು ಸಮಯ ಇದೆ.