ಕುಕ್ಕೆಗೊಂದು ಕುಕ್ಕರ್

ಕುಮಾರ ಪರ್ವತಕ್ಕೆ ಒಯ್ಯಬೇಕಾದ ಸಾಮಾನಿನ ಪಟ್ಟಿಯನ್ನು ನಮ್ಮ ಭಾವ ಬ್ಯಾಂಕಿನ ಹಳೇ ಚಲನ್ನಿನ ಹಿಂಭಾಗದಲ್ಲಿ ಬರೆದಿದ್ದರು. ಟಾರ್ಚು, ಹಗ್ಗ, ಉಪ್ಪು, ಬೆಂಕಿಪೊಟ್ಟಣ, ಅಕ್ಕಿ, ಬೇಳೆ. ಏಳನೆಯದು ಕುಕ್ಕರ್.

"ಒಂದು ಪಾತ್ರೆ ಸಾಲದಾ ಭಾವ?" ಅಂದೆ.

"ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತೆ, ಆದ್ರೆ ಅಕ್ಕಿ ಬೇಯಲ್ಲ ಕಣೋ. ಪಿಯುಸಿ ಸೈನ್ಸ್ ಓದಿದೋನು ನೀನು, ಇದೂ ಗೊತ್ತಿಲ್ವಾ?"

ಗೊತ್ತಿತ್ತು. 1712 ಮೀಟರ್ ಎತ್ತರದಲ್ಲಿ ನೀರು ಕುದಿಯುವುದು ಹೆಚ್ಚುಕಮ್ಮಿ 94 ಡಿಗ್ರಿಗೆ. ಆ ಆರು ಡಿಗ್ರಿ ಕೊರತೆ ತುಂಬಲು ಎರಡೂವರೆ ಕಿಲೋ ತೂಗುವ ಐದು ಲೀಟರಿನ ಕುಕ್ಕರನ್ನು ಬೆನ್ನ ಮೇಲೆ ಹೊರಬೇಕೇ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಹೊರುವವರು ಯಾರು ಎನ್ನುವುದು ಪ್ರಶ್ನೆಯೇ ಆಗಲಿಲ್ಲ. ಕುಕ್ಕರ್ ಅಕ್ಕನ ಮದುವೆಯಲ್ಲಿ ತವರಿನಿಂದ ಬಂದದ್ದು. ತವರಿನ ಕಡೆಯಿಂದ ಹೊರಟಿದ್ದವನು ನಾನೊಬ್ಬನೇ.

ಇದು ಹತ್ತು ವರ್ಷಕ್ಕೂ ಹಿಂದಿನ ಮಾತು. ಈಗಿನ ಹಾಗೆ ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ಟು, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕ ಯಾವುದೂ ಆಗ ಇರಲಿಲ್ಲ. ದಸರಾ ರಜೆಯಲ್ಲಿ ನಾಲ್ವರು ರಾತ್ರಿ ಬಸ್ಸು ಹತ್ತಿದೆವು. ಭಾವ, ಅವರ ಬ್ಯಾಂಕಿನ ಸಹೋದ್ಯೋಗಿ ರಾಯರು, ಎಂಟನೇ ಕ್ಲಾಸಿನ ನಮ್ಮ ಅಳಿಯ ಪುಟ್ಟ, ಮತ್ತು ಕುಕ್ಕರ್ ಸಮೇತ ನಾನು. ಅದರ ಮುಚ್ಚಳದ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಟೆಂಟು ನನ್ನ ಆಫೀಸಿನ ಗೆಳೆಯನದು. ಎರಡು ನಿಮಿಷದಲ್ಲಿ ನಿಂತುಬಿಡುತ್ತೆ ಎಂದು ಹೇಳಿ ಕೊಟ್ಟಿದ್ದ.

ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿದು, ಹೊಳೆಯಲ್ಲಿ ಮುಳುಗೆದ್ದು, ದೇವರ ದರ್ಶನ ಮುಗಿಸಿ ಇಡ್ಲಿ ತಿಂದು ಹೊರಟಾಗ ಎಂಟು ಗಂಟೆ. ಕುಮಾರ ಪರ್ವತದ ಎತ್ತರ ಕೇಳಿ ಯಾರೂ ಹೆದರಬೇಕಾಗಿಲ್ಲ, ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ. ಆದರೆ ಮುಳ್ಳಯ್ಯನಗಿರಿಯಲ್ಲಿ ಗಾಡಿ ಮುಕ್ಕಾಲು ಪಾಲು ಹತ್ತಿಸಿ ಇಳಿಸುತ್ತದೆ. ಇಲ್ಲಿ ಕುಕ್ಕೆಯೇ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರಿನಲ್ಲಿ ಕೂತಿದೆ. ಉಳಿದ ಒಂದೂವರೆ ಸಾವಿರದಷ್ಟು ಮೀಟರನ್ನು ನಮ್ಮ ಮಂಡಿಯೇ ಹತ್ತಬೇಕು.

ಮೊದಲ ಹಂತ ದಟ್ಟ ಕಾಡು. ದಾರಿ ಎಂದರೆ ಬೇರುಗಳ ಮೆಟ್ಟಿಲು. ಪುಟ್ಟ ಆಡಿನ ಮರಿಯ ಹಾಗೆ ಜಿಗಿಯುತ್ತ ಮುಂದೆ ಹೋದ. ರಾಯರು ಕೊಡೆ ಊರಿಕೊಂಡು, ಹೆಗಲಿಗೆ ಬಿಸಿನೀರಿನ ಫ್ಲಾಸ್ಕ್ ನೇತುಹಾಕಿಕೊಂಡು, ಸಹಸ್ರನಾಮ ಹೇಳುತ್ತ ಬಂದರು. ಏರು ಕಡಿದಾದ ಹಾಗೆ ನಾಮಗಳ ನಡುವಿನ ಅಂತರ ಹೆಚ್ಚುತ್ತ ಹೋಗಿ, ಭೀಮನ ಬಂಡೆ ಹತ್ತಿರ ನಿಂತೇಹೋಯಿತು. ನನ್ನ ಬೆನ್ನಿನ ಮೇಲೆ ಕುಕ್ಕರಿನ ಒಳಗಿದ್ದ ವೇಯ್ಟು ಹೆಜ್ಜೆಗೊಮ್ಮೆ ಟಿಣ್ ಎನ್ನುತ್ತಿತ್ತು. ಹಿಂದೆ ಬರುತ್ತಿದ್ದವರು ಹಸು ಬಂತೆಂದು ಎರಡು ಸಲ ದಾರಿ ಬಿಟ್ಟರು.

ಇಂಬಳಗಳ ಪರಿಚಯವಾದದ್ದೂ ಅಲ್ಲೇ. ಇದು ಕಚ್ಚುವುದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಏನನ್ನೋ ಬಿಟ್ಟು, ಹೊಟ್ಟೆ ತುಂಬ ಕುಡಿದು ತಾನೇ ಉದುರುತ್ತದೆ. ಊಟ ಮುಗಿದರೂ ಏಳದ ನೆಂಟರಿಗಿಂತ ವಾಸಿ. ರಾಯರ ಬಿಳಿ ಕಾಲುಚೀಲ ಕೆಂಪಾದದ್ದನ್ನು ಪುಟ್ಟನೇ ನೋಡಿ ಹೇಳಬೇಕಾಯಿತು. ಅಲ್ಲಿಂದ ಮುಂದೆ ಭಾವ ಉಪ್ಪಿನ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು, ಯಾರಾದರೂ "ಹಾ" ಎಂದರೆ ಸಾಕು, ಉಪ್ಪು ಎರಚಲು ತಯಾರಾಗಿ ನಡೆದರು.

ಮಧ್ಯಾಹ್ನ ಒಂದು ಗಂಟೆಗೆ ಕಾಡು ಮುಗಿದು ಬಯಲು ಬಂತು, ಗಿರಿಗದ್ದೆ. ಅಲ್ಲಿ ಅಡಿಕೆ ತೋಟದ ನಡುವೆ ಒಂದು ಮನೆ. ಚಾರಣಿಗರಿಗೆಲ್ಲ ಅದು 'ಭಟ್ಟರ ಮನೆ'. ಅನ್ನ, ಬಿಸಿ ಸಾಂಬಾರು, ಉಪ್ಪಿನಕಾಯಿ, ಲೋಟ ಲೋಟ ಮಜ್ಜಿಗೆ. ನಾನು ಮೂರನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಪಕ್ಕದಲ್ಲಿದ್ದ ನನ್ನ ಚೀಲ ವಾಲಿ ಕುಕ್ಕರ್ ಟಿಣ್ ಎಂದಿತು. ಭಾವ ನನ್ನ ಮುಖ ನೋಡಲಿಲ್ಲ.

"ಇಲ್ಲಿ ಊಟ ಸಿಗುತ್ತೆ ಅಂತ ನಿಮಗೆ ಗೊತ್ತಿತ್ತಾ ಭಾವ?"

"ಮಧ್ಯಾಹ್ನ ಸಿಗುತ್ತೆ ಅಂತ ಗೊತ್ತಿತ್ತು. ರಾತ್ರಿಗೆ ನಮ್ದೇ ಅಡುಗೆ."

ರಾತ್ರಿಗೂ ಅದೇ ಮನೆಯಲ್ಲಿ ಊಟವಿತ್ತು. ಅದಿರಲಿ, ಸ್ವಲ್ಪ ಮುಂದಿರುವ ಅರಣ್ಯ ಇಲಾಖೆಯ ಚೌಕಿಯಲ್ಲಿ ಚೀಲ ಬಿಚ್ಚಿಸಿದರು. ಪ್ಲಾಸ್ಟಿಕ್ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಎಷ್ಟಿವೆ ಎಂದು ಎಣಿಸಿ ಬರೆದುಕೊಂಡ ಗಾರ್ಡು ನನ್ನ ಚೀಲಕ್ಕೆ ಬಂದಾಗ ನಿಂತುಬಿಟ್ಟರು.

"ಎಂತ ಇದು? ಕುಕ್ಕರಾ?"

"ಹೌದು."

"ಮೇಲೆ ಬೆಂಕಿ ಹಾಕ್ಲಿಕ್ಕೆ ಇಲ್ಲ ಮಾರಾಯ್ರೇ. ಇದು ವನ್ಯಧಾಮ. ಹುಲ್ಲಿಗೆ ಒಂದು ಕಿಡಿ ಬಿದ್ರೆ ಗುಡ್ಡೆಯೇ ಹೋಗ್ತದೆ." ಆಮೇಲೆ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು. ಬಾಟಲಿ ಏನಾದರೂ ಅಡಗಿಸಿದ್ದೇವೆಯೇ ಎಂಬ ಅನುಮಾನ ಇದ್ದಿರಬೇಕು. ಇದ್ದದ್ದು ವೇಯ್ಟು ಮತ್ತು ರಾಯರ ಒಂದು ಜೊತೆ ಒಣ ಕಾಲುಚೀಲ. ಅವರು ನಗಲಿಲ್ಲ, ಅದೇ ಹೆಚ್ಚು ಅವಮಾನವಾಯಿತು.

ಸಂಜೆ ಟೆಂಟು. ಆಗ ಗಿರಿಗದ್ದೆಯಲ್ಲಿ ಟೆಂಟು ಹಾಕಿಕೊಳ್ಳಲು ಬಿಡುತ್ತಿದ್ದರು. ಎರಡು ನಿಮಿಷದಲ್ಲಿ ನಿಲ್ಲಬೇಕಾದ ಟೆಂಟು ಮುಕ್ಕಾಲು ಗಂಟೆಯಾದರೂ ಮಲಗಿಯೇ ಇತ್ತು. ಭಾವ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಕೋಲು ತುರುಕಿದೆವು. ಮಧ್ಯದಲ್ಲಿ ಅವು ಡಿಕ್ಕಿ ಹೊಡೆದು ಒಂದರ ತುದಿ ಸೀಳಿತು. ಆಕಾಶದಲ್ಲಿ ಗುಡುಗು ಬೇರೆ. ಹಗ್ಗ ಸುತ್ತಿದರೆ ಜಾರುತ್ತಿತ್ತು. ಅಷ್ಟರಲ್ಲಿ ಪುಟ್ಟ ಕುಕ್ಕರಿನ ಮುಚ್ಚಳದಿಂದ ಗ್ಯಾಸ್ಕೆಟ್ ಕಿತ್ತು ತಂದು, ಸೀಳಿದ ಜಾಗಕ್ಕೆ ನಾಲ್ಕು ಸುತ್ತು ಎಳೆದು ಸುತ್ತಿದ. ಕೋಲು ಗಟ್ಟಿಯಾಗಿ ನಿಂತಿತು. "ನೋಡಿದ್ಯಾ, ಕುಕ್ಕರ್ ತಂದದ್ದು ಒಳ್ಳೇದಾಯ್ತು!" ಎಂದರು ಭಾವ.

ರಾತ್ರಿ ಮಳೆ ಬಂತು, ರಾಯರು ಗೊರಕೆ ಹೊಡೆದರು. ಟೆಂಟು ನಿಂತಿತ್ತು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಡುವಾಗ ಭಟ್ಟರ ಮನೆಯಲ್ಲಿ ಕೇಳಿ ಅನ್ನಕ್ಕೆ ಮಜ್ಜಿಗೆ ಕಲಸಿಸಿಕೊಂಡು ಬಂದೆವು. ಮೇಲೆ ಊಟವಿಲ್ಲವಲ್ಲ. ಹಾಕಿಕೊಳ್ಳಲು ಏನಿದೆ? ಕುಕ್ಕರ್! ಭಾವನ ಮುಖ ಬೆಳಗಿತು. ತುಂಬಿ, ಮುಚ್ಚಳ ತಿರುಗಿಸಿ, ಚೀಲದಲ್ಲಿಟ್ಟು ನನ್ನ ಹೆಗಲಿಗೇರಿಸಿದರು. ಟೆಂಟನ್ನು ಅಲ್ಲೇ ಬಿಟ್ಟೆವು. ಅದರ ಕೋಲಿನಲ್ಲಿ ಗ್ಯಾಸ್ಕೆಟ್ ಇತ್ತು. ಈ ಎರಡು ವಿಷಯಗಳ ಸಂಬಂಧ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದರಲ್ಲಿ ಇಬ್ಬರು ಬ್ಯಾಂಕಿನಲ್ಲಿ ಲೆಕ್ಕ ನೋಡುವವರು.

ಗಿರಿಗದ್ದೆಯಿಂದ ಮೇಲೆ ಮರವಿಲ್ಲದ ಹುಲ್ಲುಗುಡ್ಡ. ಕಲ್ಲುಮಂಟಪ ದಾಟಿ, ಮಂಜಿನಲ್ಲಿ ಒಂದೊಂದೇ ಏರು ಮುಗಿಸಿ, ಕೊನೆಗೆ ಇನ್ನು ಹತ್ತಲು ಏನೂ ಇಲ್ಲ ಎನ್ನುವ ಜಾಗಕ್ಕೆ ಬಂದೆವು. ರಾಯರು ಕೊಡೆಯನ್ನು ನೆಲಕ್ಕೆ ನೆಟ್ಟು ಕೈಮುಗಿದರು. ಭಾವ ಅಕ್ಕನಿಗೆ ಫೋನು ಮಾಡಲು ಸಿಗ್ನಲ್ ಹುಡುಕಿದರು. ಅಷ್ಟರಲ್ಲಿ ಮಂಜು ಸರಿಯಿತು. ಎದುರಿಗೆ, ನಡುವೆ ಒಂದು ಕಾಡಿನ ತಗ್ಗು ಬಿಟ್ಟು, ಇನ್ನೂ ಎತ್ತರದ ಒಂದು ಪರ್ವತ ನಿಂತಿತ್ತು. ಅಲ್ಲೇ ಕೂತಿದ್ದ ಕಾಲೇಜು ಹುಡುಗರ ಗುಂಪಿನಲ್ಲೊಬ್ಬ, "ಅಂಕಲ್, ಇದು ಶೇಷ ಪರ್ವತ. ಕುಮಾರ ಪರ್ವತ ಅದು" ಎಂದು ಕೈ ತೋರಿಸಿದ. ರಾಯರು ಕೊಡೆ ಕಿತ್ತುಕೊಂಡರು.

ಆಗಲೇ ನನ್ನ ಬೆನ್ನಿನ ಮೇಲೆ ಏನೋ ತಣ್ಣಗೆ ಹರಿದ ಹಾಗಾಯಿತು. ಬೆವರಲ್ಲ, ಬೆವರು ಇಷ್ಟು ತಣ್ಣಗಿರುವುದಿಲ್ಲ. ಲೋಳೆಯಾಗಿತ್ತು. ನಿಧಾನವಾಗಿ, ಗೊತ್ತಿರುವವರ ಮನೆಗೆ ಹೋಗುವ ಹಾಗೆ, ಬೆನ್ನುಹುರಿ ಹಿಡಿದು ಕೆಳಗಿಳಿಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಮೂರು ನಾಲ್ಕು ಒಟ್ಟಿಗೆ.

"ಇಂಬಳ! ಭಾವ, ಇಂಬಳ!"

ಚೀಲ ಎಸೆದು, ಅಂಗಿ ಕಿತ್ತು, ಕುಣಿದೆ. ಹುಡುಗಿಯರೂ ಇದ್ದರು ಎನ್ನುವುದು ಆಮೇಲೆ ನೆನಪಾಯಿತು. ಭಾವ ಒಂದು ಕ್ಷಣವೂ ತಡಮಾಡಲಿಲ್ಲ. ಇದಕ್ಕೇ ಎರಡು ದಿನದಿಂದ ಕಾಯುತ್ತಿದ್ದವರು. ಉಪ್ಪಿನ ಪೊಟ್ಟಣ ಹರಿದು ಅಷ್ಟನ್ನೂ ನನ್ನ ಬೆನ್ನಿಗೆ ಹಾಕಿ ಅಂಗೈಯಿಂದ ಉಜ್ಜಿದರು. ಗೀರು ಬಿದ್ದ ಚರ್ಮಕ್ಕೆ ಉಪ್ಪು ಹೋಗಿ ನಾನು ಕೂಗಿದ ಕೂಗು ಸೋಮವಾರಪೇಟೆ ಕಡೆಗೂ ಕೇಳಿಸಿರಬೇಕು.

ಉಜ್ಜುತ್ತಿದ್ದ ಭಾವನ ಕೈ ನಿಂತಿತು. ಬೆರಳು ಮೂಸಿದರು. ರಾಯರು ಕನ್ನಡಕ ಸರಿಮಾಡಿಕೊಂಡು ನನ್ನ ಬೆನ್ನಿಗೆ ಮುಖ ತಂದರು.

"ಅಗುಳು," ಅಂದರು ರಾಯರು.

ಪುಟ್ಟ ಚೀಲ ಬಿಚ್ಚಿ ನೋಡಿದ. ಕುಕ್ಕರ್ ಅಡ್ಡ ಬಿದ್ದು, ಗ್ಯಾಸ್ಕೆಟ್ ಇಲ್ಲದ ಮುಚ್ಚಳದ ಸುತ್ತಲಿಂದ ಮಜ್ಜಿಗೆಯೆಲ್ಲ ನನ್ನ ಕಡೆಗೆ ಹರಿದಿತ್ತು. ಒಳಗೆ ಉಳಿದದ್ದು ಒಣ ಅನ್ನ. ಅದಕ್ಕೆ ಉಪ್ಪು ಬೇಕಾಗಿತ್ತು. ಉಪ್ಪು ನನ್ನ ಮೇಲಿತ್ತು.

ಆ ಕಾಲೇಜು ಹುಡುಗರೇ ಚಪಾತಿ, ಚಟ್ನಿಪುಡಿ ಕೊಟ್ಟರು. ನಗು ತಡೆಯಲಾಗದೆ ಒಬ್ಬೊಬ್ಬರಾಗಿ ಬಂಡೆಯ ಹಿಂದೆ ಹೋಗಿ ಬರುತ್ತಿದ್ದರು. ಒಳ್ಳೆಯ ಮಕ್ಕಳು. ಕಾಡಿನ ತಗ್ಗು ಇಳಿದು, ನೀರು ಜಿನುಗುವ ಬಂಡೆಯನ್ನು ನಾಲ್ಕು ಕಾಲಿನಲ್ಲಿ ಹತ್ತಿ, ನಿಜವಾದ ತುದಿಯನ್ನೂ ಮುಟ್ಟಿದೆವು. ಮೋಡ ಬಿಟ್ಟು ಏನೂ ಕಾಣಲಿಲ್ಲ. ಮೇಲೆ ಸಿಗುವ ಕುಮಾರಲಿಂಗ ಎಂಬ ಕಲ್ಲುಗಳಿಗಾಗಿ ರಾಯರು ಅರ್ಧ ಗಂಟೆ ಹುಡುಕಿದರು. ಸಿಕ್ಕಿದ್ದೋ ಇಲ್ಲವೋ ಹೇಳಲಿಲ್ಲ.

ಕುಕ್ಕೆಗೆ ಇಳಿಯುವಾಗ ಕತ್ತಲು. ಮಂಡಿ ನಡುಗುತ್ತಿತ್ತು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದದ್ದು ಕುಮಾರಧಾರೆಯಲ್ಲಿ ಎನ್ನುತ್ತಾರೆ. ಅದೇ ಹೊಳೆಯಲ್ಲಿ ನಾನು ಕುಕ್ಕರ್ ತೊಳೆದೆ. ಕುಂಕುಮ ಆಗ ಹೋಯಿತು.

ಮನೆಗೆ ಬಂದಾಗ ಅಕ್ಕ ಬೆಟ್ಟ ಹೇಗಿತ್ತು ಎಂದು ಕೇಳಲಿಲ್ಲ. ಎರಡು ದಿನ ಪಾತ್ರೆಯಲ್ಲಿ ಬೇಳೆ ಬೇಯಿಸಿದ್ದಳು. ಕುಕ್ಕರ್ ಕೈಗೆತ್ತಿಕೊಂಡು, ಮುಚ್ಚಳದ ಅಂಚಿಗೆ ಬೆರಳಾಡಿಸಿ, "ಗ್ಯಾಸ್ಕೆಟ್ ಎಲ್ಲಿ?" ಅಂದಳು. ಭಾವ ಸ್ನಾನಕ್ಕೆ ಹೋದರು. ಟೆಂಟನ್ನು ನಾನು ದಾರಿಯಲ್ಲೇ ಗೆಳೆಯನಿಗೆ ಒಪ್ಪಿಸಿ ಬಂದಿದ್ದೆ, ಕೋಲು ಸೀಳಿದ ಸಂಗತಿ ಹೇಳುವ ಧೈರ್ಯ ಸಾಲದೆ, ಸುತ್ತಿದ್ದ ಹಾಗೆಯೇ.

ಆರು ತಿಂಗಳ ಮೇಲೆ ಆಫೀಸಿನ ಕ್ಯಾಂಟೀನಿನಲ್ಲಿ ಅವನು ಸಿಕ್ಕ. ತಾಡಿಯಂಡಮೋಳ್‌ಗೆ ಹೋಗಿಬಂದೆ, ಗಾಳಿಗೆ ಬೇರೆಯವರ ಟೆಂಟೆಲ್ಲ ಅಲ್ಲಾಡಿತು, ನಮ್ಮದು ಜಪ್ಪಯ್ಯ ಅನ್ನಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಅದರ ಕೋಲಿಗೆ ಒಂದು ಕಪ್ಪು ರಬ್ಬರ್ ರಿಂಗು ಬರುತ್ತಲ್ಲ, ಅದು ಸ್ವಲ್ಪ ಸಡಿಲ ಆಗಿದೆ ಕಣೋ. ಟೆಂಟಿನ ಅಂಗಡೀಲಿ ಕೇಳಿದ್ರೆ, ಅಂಥದ್ದು ನೋಡೇ ಇಲ್ಲ ಅಂತಾರೆ. ಎಲ್ಲಿ ಸಿಗುತ್ತೆ ಗೊತ್ತಾ?"

"ಐದು ಲೀಟರಿಂದು ಕೇಳು," ಅಂದೆ.